ಸಹಿ ಒಂದು ನಿಮಿಷದ್ದು, ಹೊಣೆ ಕೇಸು ಮುಗಿಯೋ ತನಕ!

ದಾವಣಗೆರೆ ಮಂಡಿಪೇಟೆಯಲ್ಲಿ ಬೆಳಗ್ಗೆ ಅಂಗಡಿ ಬಾಗಿಲು ಎತ್ತಿ, ನೀರು ಚಿಮುಕಿಸಿ, ದೇವರ ಪಟಕ್ಕೆ ಊದಿನಕಡ್ಡಿ ಹಚ್ಚುವ ಹೊತ್ತಿಗೆ ಒಮ್ಮೊಮ್ಮೆ ಬೇರೆ ಥರದ ಗಿರಾಕಿಯೂ ಬಂದು ನಿಲ್ಲುವುದುಂಟು. ಅವರಿಗೆ ಸಕ್ಕರೆ ಬೇಡ, ಬೇಳೆ ಬೇಡ. ಬೇಕಾದದ್ದು ಸಾವ್ಕಾರರ ಒಂದು ಸಹಿ, ಜೊತೆಗೆ ಊರಲ್ಲಿರುವ ಎರಡೆಕರೆ ಹೊಲದ ಪಹಣಿ.

"ಸಾವ್ಕಾರ್ರೆ, ನಿಮ್ಮ ಅಂಗಡಿ ಮೂಟೆ ಹೊತ್ತ ಹುಡುಗ ಅವನು. ಜಗಳದಾಗೆ ಸುಮ್ಮನೆ ಹೆಸರು ಸೇರಿಸಿದಾರೆ. ಜಡ್ಜ್ ಸಾಹೇಬ್ರು ಜಾಮೀನು ಕೊಟ್ಟಾರೆ, ಆದ್ರೆ ಹೊಣೆ ನಿಲ್ಲೋರು ಬೇಕಂತೆ. ಒಂದು ಸಹಿ ಹಾಕಿ ಬಿಡಿಸ್ಕೊಡ್ರಿ" ಎಂದು ತಾಯಿ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾಳೆ.

ಒಳಗಿನಿಂದ ಸಾವ್ಕಾರರ ಹೆಂಡತಿ ಕಣ್ಸನ್ನೆ ಮಾಡುತ್ತಾರೆ, "ಬ್ಯಾಡ್ರೀ". ಸಾವ್ಕಾರರಿಗೆ ಇತ್ತ ದರಿ, ಅತ್ತ ಪುಲಿ. ಹಾಕಿದರೆ ಏನಾಗುತ್ತದೋ ಗೊತ್ತಿಲ್ಲ. ಹಾಕದಿದ್ದರೆ ಹಮಾಲರ ಮುಂದೆ ಮುಖ ತೋರಿಸುವುದು ಹೇಗೆ?

ಇದು ಇಂಥವರ ಮನೆಯ ಕಥೆ ಎಂದು ಯಾರೂ ತಿಳಿಯಬೇಕಿಲ್ಲ. ವಿಷಯ ತಿಳಿಯಲೆಂದು ಹೇಳಿದ ಉದಾಹರಣೆ ಅಷ್ಟೆ. ಮಂಡಿಪೇಟೆಯ ಜಾಗದಲ್ಲಿ ಹರಿಹರ, ಜಗಳೂರು, ಚನ್ನಗಿರಿ ಎಂದು ಯಾವ ಊರಿನ ಹೆಸರನ್ನಾದರೂ ಹಾಕಿಕೊಳ್ಳಬಹುದು. ಕಿರಾಣಿಯ ಬದಲು ಸೈಕಲ್ ಶಾಪು, ಬಟ್ಟೆ ಅಂಗಡಿ, ಹೋಟೆಲು ಎನ್ನಬಹುದು. ಕೋರ್ಟಿಗೆ ಬೇಕಾದದ್ದು ಆಸ್ತಿ ಇರುವ, ವಿಳಾಸ ಇರುವ, ನಾಳೆ ಹುಡುಕಿದರೆ ಸಿಗುವ ಮನುಷ್ಯ. ಅಂಗಡಿ ಇಟ್ಟವನು ಬಾಗಿಲು ಹಾಕಿಕೊಂಡು ಓಡಿಹೋಗುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ಎಲ್ಲರ ಕಣ್ಣೂ ಅವನ ಮೇಲೆ.

ಹಾಗಾದರೆ ಆ ಸಹಿಯ ಒಳಗೆ ಇರುವುದೇನು? ಸಹಿ ಹಾಕಿದ ಎಷ್ಟೋ ಮಂದಿಗೇ ಅದು ಸರಿಯಾಗಿ ತಿಳಿದಿಲ್ಲ.

ಪದ ಒಂದೇ, ಅರ್ಥ ಎರಡು

ಕನ್ನಡದಲ್ಲಿ ಒಂದು ತೊಡಕಿದೆ. ಆರೋಪಿಯ ಮನೆಯವರು "ಜಾಮೀನು ಸಿಕ್ತು" ಎನ್ನುತ್ತಾರೆ. ಅಂಗಡಿಯವರು "ಜಾಮೀನು ನಿಂತೆ" ಎನ್ನುತ್ತಾರೆ. ಪದ ಒಂದೇ. ಆದರೆ ಒಬ್ಬನಿಗೆ ಅದು ಬಿಡುಗಡೆ, ಇನ್ನೊಬ್ಬನಿಗೆ ಕಟ್ಟು.

ಜಡ್ಜರ ಆದೇಶದಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ: ಆರೋಪಿ 50,000 ರೂಪಾಯಿಯ ಸ್ವಂತ ಮುಚ್ಚಳಿಕೆ ಬರೆದುಕೊಡಬೇಕು, ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರನನ್ನು ಒದಗಿಸಬೇಕು. ಇಲ್ಲಿ ಮುಚ್ಚಳಿಕೆ ಎರಡು. ಒಂದು ಆರೋಪಿಯದು, ಇನ್ನೊಂದು ಜಾಮೀನುದಾರನದು. ಎರಡೂ ಬೇರೆ ಬೇರೆ. ಆರೋಪಿಯಿಂದ ವಸೂಲಾಗದಿದ್ದರೆ ಮಾತ್ರ ಜಾಮೀನುದಾರನ ಸರದಿ ಅನ್ನುವ ಲೆಕ್ಕ ಇಲ್ಲ. ಇಬ್ಬರು ಜಾಮೀನುದಾರರಿದ್ದರೆ ಅರ್ಧರ್ಧ ಎನ್ನುವಂತೆಯೂ ಇಲ್ಲ. ಪ್ರತಿಯೊಬ್ಬರೂ ಅಷ್ಟೇ ಮೊತ್ತಕ್ಕೆ ಎಂದು ಆದೇಶದಲ್ಲಿದ್ದರೆ ಪ್ರತಿಯೊಬ್ಬನ ಹೊಣೆಯೂ ಪೂರ್ತಿ 50,000.

ಜಾಮೀನುದಾರ ಬರೆದುಕೊಡುವ ಮಾತು ಚಿಕ್ಕದು. ಈ ಮನುಷ್ಯ ಕೋರ್ಟು ಕರೆದ ದಿನ ಹಾಜರಾಗುತ್ತಾನೆ, ತಪ್ಪಿದರೆ ಇಷ್ಟು ಹಣ ಸರ್ಕಾರಕ್ಕೆ ಕಟ್ಟುತ್ತೇನೆ. ಮುಖ್ಯ ಹೊಣೆ ಇಷ್ಟೇ.

ಹುಡುಗ ಒಳ್ಳೆಯವನು, ತಪ್ಪು ಮಾಡಿಲ್ಲ ಅಂತ ಜಾಮೀನುದಾರ ಹೇಳಬೇಕಾಗಿಲ್ಲ. ನಾಳೆ ಅಪರಾಧ ಸಾಬೀತಾಗಿ ಶಿಕ್ಷೆಯಾದರೆ ಜಾಮೀನುದಾರನಿಗೆ ಶಿಕ್ಷೆಯಿಲ್ಲ. ಆ ಕೇಸಿನಲ್ಲಿ ಹಾಕುವ ದಂಡವನ್ನೂ ಅವನು ಕಟ್ಟಬೇಕಾಗಿಲ್ಲ. "ಕಳ್ಳನಿಗೆ ಜಾಮೀನು ನಿಂತ" ಅಂತ ಓಣಿಯವರು ಆಡಿಕೊಳ್ಳಬಹುದು. ಆದರೆ ಕಾನೂನಿನ ಕಣ್ಣಿಗೆ ಅವನು ಕೊಟ್ಟದ್ದು ಗುಣದ ಸರ್ಟಿಫಿಕೇಟಲ್ಲ, ಹಾಜರಿಯ ಹೊಣೆ.

ಕೋರ್ಟಿನಲ್ಲಿ ಕೇಳುವ ಪ್ರಶ್ನೆ

ಕೋರ್ಟಿಗೆ ಹೋದ ದಿನ ಏನು ನಡೆಯುತ್ತದೆ? ಆಧಾರ್, ಫೋಟೋ, ಪಹಣಿ ಅಥವಾ ಮನೆಯ ಖಾತೆ, ಕಂದಾಯ ಕಟ್ಟಿದ ರಸೀದಿ ಕೇಳುವುದು ವಾಡಿಕೆ. ಜೊತೆಗೊಂದು ಅಫಿಡವಿಟ್. ಪಹಣಿಯ 11ನೇ ಕಲಮಿನಲ್ಲಿ ಬ್ಯಾಂಕಿನ ಸಾಲ ಕೂತಿದ್ದರೆ ಅದೂ ಕಣ್ಣಿಗೆ ಬೀಳುತ್ತದೆ. ಆ ಅಫಿಡವಿಟ್ಟನ್ನು ಒಪ್ಪಬಹುದು, ಸಂಶಯ ಬಂದರೆ ಈ ಮನುಷ್ಯ ಅಷ್ಟು ತೂಕದವನು ಹೌದೋ ಅಲ್ಲವೋ ಎಂದು ವಿಚಾರಿಸಲೂಬಹುದು. ಆ ಅಧಿಕಾರ ಕೋರ್ಟಿಗಿದೆ.

ಆಮೇಲೆ ಜಡ್ಜರು ಒಂದೆರಡು ಮಾತು ಕೇಳುತ್ತಾರೆ. "ಇವನು ನಿಮಗೆ ಏನಾಗಬೇಕು? ಎಷ್ಟು ವರ್ಷದಿಂದ ಗೊತ್ತು? ಬೇರೆ ಯಾರಿಗಾದರೂ ಜಾಮೀನು ನಿಂತಿದ್ದೀರಾ?"

ಈ ಕೊನೆಯ ಪ್ರಶ್ನೆಗೆ ಉತ್ತರ ಕೊಡುವಾಗ ಎಚ್ಚರ ಬೇಕು. ಈವರೆಗೆ ಎಷ್ಟು ಜನಕ್ಕೆ, ಯಾವ ಯಾವ ಕೇಸಿನಲ್ಲಿ ಹೊಣೆ ನಿಂತಿದ್ದೇನೆ ಎಂದು ಪ್ರತಿಯೊಬ್ಬ ಜಾಮೀನುದಾರನೂ ಘೋಷಣೆ ಮಾಡಬೇಕು. ಇದು 2006ರಲ್ಲಿ ಜಾರಿಗೆ ಬಂದ ನಿಯಮ. ವರ್ಷದ ಹಿಂದೆ ಷಡ್ಡಕನ ಮಗನಿಗೆ ನಿಂತದ್ದು ಮರೆತುಹೋಗಿರಬಹುದು. ಆದರೆ ಮರೆತೆ ಅನ್ನುವುದಕ್ಕೂ ಸುಳ್ಳು ಹೇಳಿದ ಅನ್ನುವುದಕ್ಕೂ ಕಾಗದದ ಮೇಲೆ ವ್ಯತ್ಯಾಸ ಕಾಣುವುದಿಲ್ಲ. ಜಾಮೀನು ನಿಂತವರು ಅಂಗಡಿಯ ಉದ್ರಿ ಪುಸ್ತಕದಲ್ಲಿ ಒಂದು ಪುಟ ಇದಕ್ಕೇ ಬಿಡುವುದು ಒಳ್ಳೆಯದು. ಯಾರಿಗೆ, ಯಾವ ಕೋರ್ಟು, ಕೇಸ್ ನಂಬರು, ಎಷ್ಟು ಮೊತ್ತ, ವಕೀಲರು ಯಾರು.

ಕೋರ್ಟಿಗೇ ಹೋಗಬೇಕೆಂದೂ ಇಲ್ಲ. ಸಣ್ಣಪುಟ್ಟ ಕೇಸುಗಳಲ್ಲಿ, ಅಂದರೆ ಜಾಮೀನು ಪಡೆಯುವುದು ಆರೋಪಿಯ ಹಕ್ಕಾಗಿರುವ ಕೇಸುಗಳಲ್ಲಿ, ಪೊಲೀಸ್ ಸ್ಟೇಷನ್ನಿನಲ್ಲೇ ಮುಚ್ಚಳಿಕೆ ಬರೆಸಿಕೊಂಡು ಬಿಡುವುದುಂಟು. "ಬರೀ ಸ್ಟೇಷನ್ನಿನಾಗೆ ಹಾಕಿದ ಸಹಿ, ಏನಾಗ್ತದೆ ಬಿಡ್ರಿ" ಎಂದುಕೊಳ್ಳುವವರಿದ್ದಾರೆ. ಅಲ್ಲಿ ಹಾಕಿದ ಸಹಿಯೂ ಕಾನೂನಿನ ಪ್ರಕಾರ ಮುಚ್ಚಳಿಕೆಯ ಸಹಿಯೇ.

ಮೂರು ಸಲ ಕೂಗಿದರೂ 'ಓ' ಅನ್ನಲಿಲ್ಲ

ಮೊದಲ ವಾಯಿದೆಗೆ ಹುಡುಗ ಶರ್ಟು ಇಸ್ತ್ರಿ ಮಾಡಿಸಿಕೊಂಡು ಬರುತ್ತಾನೆ. ಎರಡನೇ ವಾಯಿದೆಗೂ ಬರುತ್ತಾನೆ. ಕೇಸು ಮುಂದಕ್ಕೆ, ಮತ್ತೂ ಮುಂದಕ್ಕೆ ಹೋಗುತ್ತದೆ. ಈ ನಡುವೆ ಬೆಂಗಳೂರಿನಲ್ಲಿ ಯಾವುದೋ ಕಟ್ಟಡದ ಕೆಲಸ ಸಿಕ್ಕಿರುತ್ತದೆ. ಒಂದು ದಿನ ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಬಂದು, ಇನ್ನೊಂದು ತಾರೀಖು ಬರೆಸಿಕೊಂಡು ವಾಪಸ್ ಹೋಗುವುದು ಯಾರಿಗೆ ಬೇಕು? ಒಂದು ದಿನ ತಪ್ಪಿಸುತ್ತಾನೆ.

ಕೋರ್ಟಿನ ಜವಾನ ಬಾಗಿಲಲ್ಲಿ ನಿಂತು ಮೂರು ಸಲ ಹೆಸರು ಕೂಗುತ್ತಾನೆ. ಉತ್ತರವಿಲ್ಲ. ಕಾರಣ ಕೊಟ್ಟು ವಕೀಲರು ಆ ದಿನದ ಮಟ್ಟಿಗೆ ವಿನಾಯಿತಿ ಅರ್ಜಿ ಹಾಕಿದರೆ, ಕೋರ್ಟು ಒಪ್ಪಿದರೆ ಸರಿ. ಅರ್ಜಿಯೂ ಇಲ್ಲ, ಆಳೂ ಇಲ್ಲ ಎಂದಾದರೆ ವಾರಂಟ್ ಹೊರಡುತ್ತದೆ. ಮುಚ್ಚಳಿಕೆ ಮುಟ್ಟುಗೋಲಾಯಿತು ಎಂದು ಕೋರ್ಟು ಕಾರಣ ಸಹಿತ ದಾಖಲಿಸಬಹುದು.

ಆಗ ಸಾವ್ಕಾರರ ಅಂಗಡಿಗೆ ಒಂದು ನೋಟೀಸು ಬರುತ್ತದೆ. ಹಣ ಕಟ್ಟಿ, ಇಲ್ಲವೇ ಯಾಕೆ ಕಟ್ಟಬಾರದು ಅಂತ ಕಾರಣ ತೋರಿಸಿ. ಹುಡುಗ ಎಲ್ಲಿದ್ದಾನೆ ಅನ್ನುವುದು ಸಾವ್ಕಾರರಿಗೆ ಗೊತ್ತಿಲ್ಲ. ತಾಯಿಯನ್ನು ಕೇಳಿದರೆ "ಫೋನೇ ಎತ್ತವಲ್ಲ ಸಾವ್ಕಾರ್ರೆ" ಎನ್ನುತ್ತಾಳೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?

ಇಲ್ಲಿ ಜನ ಎರಡು ತಪ್ಪು ಮಾಡುತ್ತಾರೆ. ಒಂದು, ನೋಟೀಸು ತೆಗೆದುಕೊಳ್ಳದೆ ತಪ್ಪಿಸಿಕೊಳ್ಳುವುದು. ಇನ್ನೊಂದು, ನಾಲ್ಕು ಜನ ಕಟ್ಟಿಕೊಂಡು ಹೋಗಿ ಹುಡುಗನನ್ನು ಹೊಡೆದು ಬಡಿದು ಎಳೆದು ತರುವುದು. ಮೊದಲನೆಯದು ಮಾಡಿದರೆ ಸಾವ್ಕಾರರ ಮಾತು ಕೇಳದೆಯೇ ಆದೇಶ ಆಗಬಹುದು. ಎರಡನೆಯದು ಮಾಡಿದರೆ ಸಾವ್ಕಾರರೇ ಜಾಮೀನು ಹುಡುಕಬೇಕಾಗುತ್ತದೆ!

ಮಾಡಬೇಕಾದದ್ದು ಸರಳ. ವಕೀಲರನ್ನು ಹಿಡಿದು ಕೋರ್ಟಿಗೆ ಹಾಜರಾಗುವುದು. ಹುಡುಗ ಆಸ್ಪತ್ರೆಯಲ್ಲಿದ್ದರೆ ಕಾಗದ ತೋರಿಸುವುದು. ಬೇರೆ ಕೇಸಿನಲ್ಲಿ ಬೇರೆ ಜೈಲಿನಲ್ಲಿದ್ದರೆ ತಿಳಿಸುವುದು. ಸತ್ತುಹೋಗಿದ್ದರೆ ಮರಣ ಪತ್ರ ಕೊಡುವುದು. ಓಡಿಹೋಗಿದ್ದರೆ ಎಲ್ಲೆಲ್ಲಿ ಹುಡುಕಿದ್ದು, ಪೊಲೀಸರಿಗೆ ಏನು ತಿಳಿಸಿದ್ದು ಎಂದು ಹೇಳಿ, ಕರೆತರಲು ಕಾಲಾವಕಾಶ ಕೇಳುವುದು. ಕಾರಣ ಕೇಳದೆ ಜಾಮೀನುದಾರನ ಮೇಲೆ ದಂಡ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟು 1960ರಷ್ಟು ಹಿಂದೆಯೇ ಹೇಳಿದೆ. ಹಣದಲ್ಲಿ ಒಂದು ಭಾಗವನ್ನು ಕಾರಣ ಬರೆದು ಬಿಟ್ಟುಕೊಡುವ ಅಧಿಕಾರವೂ ಕೋರ್ಟಿಗಿದೆ. ಕೈಲಾದದ್ದು ಮಾಡಿದ ಜಾಮೀನುದಾರನನ್ನೂ ಕೈಕಟ್ಟಿ ಕೂತ ಜಾಮೀನುದಾರನನ್ನೂ ಕೋರ್ಟು ಒಂದೇ ತಕ್ಕಡಿಯಲ್ಲಿ ತೂಗಬೇಕಿಲ್ಲ.

ಕಾರಣ ಒಪ್ಪಿಗೆಯಾಗದೆ, ಹಣವೂ ಬಾರದೆ ಹೋದರೆ? ಕೋರ್ಟಿನ ದಂಡ ವಸೂಲು ಮಾಡುವ ರೀತಿಯಲ್ಲೇ ವಸೂಲಿ. ಚರಾಸ್ತಿ ಜಪ್ತಿಯಾಗಬಹುದು. ಜಿಲ್ಲಾಧಿಕಾರಿಗೆ ವಾರಂಟ್ ಹೋಗಿ ಭೂಕಂದಾಯದ ಬಾಕಿಯ ಹಾಗೆ ಹೊಲ ಮನೆಯಿಂದ ವಸೂಲು ಮಾಡಬಹುದು. ಅಲ್ಲೂ ಹುಟ್ಟದಿದ್ದರೆ, ಕೋರ್ಟಿನ ಆದೇಶದ ಮೇಲೆ ಜಾಮೀನುದಾರನಿಗೆ 6 ತಿಂಗಳವರೆಗೆ ಸಿವಿಲ್ ಜೈಲು. ಬಿಡಿಸಲು ಹೋದವನೇ ಒಳಗೆ! ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಹೆಂಡತಿ ಅಂದರೆ ತಪ್ಪೇನು?

ಆದೇಶ ತಪ್ಪೆನಿಸಿದರೆ ಅಪೀಲಿಗೆ ದಾರಿ ಇದೆ. ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಸೆಷನ್ಸ್ ಕೋರ್ಟಿಗೆ, ಸೆಷನ್ಸ್ ಆದೇಶದ ಮೇಲೆ ಹೈಕೋರ್ಟಿಗೆ.

ಬ್ಯಾಂಕಿನ ಜಾಮೀನು ಬೇರೆ, ಕೋರ್ಟಿನದು ಬೇರೆ

ವ್ಯಾಪಾರಸ್ಥರಿಗೆ ಜಾಮೀನು ಹೊಸದಲ್ಲ. ಸೊಸೈಟಿ ಸಾಲಕ್ಕೆ, ಟ್ರ್ಯಾಕ್ಟರ್ ಸಾಲಕ್ಕೆ ಸಹಿ ಹಾಕಿ ಕೈ ಸುಟ್ಟುಕೊಂಡವರು ಪ್ರತಿ ಓಣಿಯಲ್ಲೂ ಸಿಗುತ್ತಾರೆ. "ಇದೂ ಅಂಥದ್ದೇ ಅಲ್ಲವಾ?" ಎನ್ನುತ್ತಾರೆ. ಅಲ್ಲ.

ಬ್ಯಾಂಕಿನ ಸಾಲಕ್ಕೆ ಜಾಮೀನು ನಿಂತು ಹಣ ಕಟ್ಟಿದವನು ಆ ಹಣವನ್ನು ಸಾಲಗಾರನಿಂದ ವಸೂಲು ಮಾಡಿಕೊಳ್ಳಬಹುದು. ಕರಾರು ಕಾಯ್ದೆಯೇ ಆ ಹಕ್ಕು ಕೊಟ್ಟಿದೆ. ಸಿಗುತ್ತದೋ ಬಿಡುತ್ತದೋ ಬೇರೆ ಮಾತು, ದಾವಾ ಹಾಕಲಂತೂ ಬರುತ್ತದೆ.

ಕೋರ್ಟಿನ ಜಾಮೀನಿನಲ್ಲಿ ಆ ದಾರಿಯೂ ಮುಚ್ಚಿದೆ. "ನೀವು ಧೈರ್ಯವಾಗಿ ಸಹಿ ಹಾಕಿ. ಅಕಸ್ಮಾತ್ ಹಣ ಹೋದರೆ ಕೊಡ್ತೀನಿ" ಎಂದು ಆರೋಪಿಯೋ ಅವನ ಮಾವನೋ ಛಾಪಾ ಕಾಗದದ ಮೇಲೆ ಬರೆದುಕೊಟ್ಟರೂ ಅದು ಸಾರ್ವಜನಿಕ ನೀತಿಗೆ ವಿರುದ್ಧವಾದ ಕರಾರು. ನ್ಯಾಯಾಲಯಗಳು ಅದನ್ನು ಎತ್ತಿಹಿಡಿಯುವುದಿಲ್ಲ. ಮೊದಲೇ ಹಣ ಕೈಗೆ ಕೊಟ್ಟಿಟ್ಟರೂ ಅಷ್ಟೆ.

ಯಾಕೆ ಹೀಗೆ? ಕಾರಣ ಯೋಚಿಸಿದರೆ ಸರಿಯಾಗಿಯೇ ಇದೆ. ಆರೋಪಿ ಓಡಿಹೋದರೆ ತನ್ನ ಜೇಬಿಗೆ ಕತ್ತರಿ ಬೀಳುತ್ತದೆ ಅನ್ನುವ ಭಯ ಇದ್ದರೆ ತಾನೇ ಜಾಮೀನುದಾರ ಅವನ ಮೇಲೆ ಕಣ್ಣಿಡುವುದು? ಹಣ ಬೇರೆಯವರದ್ದಾದರೆ ಅವನಿಗೇನು ಚಿಂತೆ? ಜೈಲಿನ ಕಾವಲುಗಾರನ ಜಾಗದಲ್ಲಿ ಕಾನೂನು ಇವನನ್ನು ಕೂರಿಸಿದೆ. ಆದರೆ ಸಂಬಳವೂ ಇಲ್ಲ, ಸಮವಸ್ತ್ರವೂ ಇಲ್ಲ, ಲಾಠಿಯೂ ಇಲ್ಲ.

ಹಾಗಂತ ಸಹಿ ಹಾಕಿದ ದಿನವೇ ಹೊಲ ಸರ್ಕಾರದ ಪಾಲಾಯಿತು ಅಂತ ಹೆದರಬೇಕಿಲ್ಲ. ಆರೋಪಿ ವಾಯಿದೆಗೆ ಬರುತ್ತಿರುವ ತನಕ ಜಾಮೀನುದಾರ ಒಂದು ಪೈಸೆಯೂ ಕಟ್ಟಬೇಕಿಲ್ಲ.

ಹೊರಗೆ ಬರುವ ಬಾಗಿಲು

ಬಹಳ ಜನಕ್ಕೆ ಗೊತ್ತಿಲ್ಲದ, ಗೊತ್ತಿರಲೇಬೇಕಾದ ಸಂಗತಿ ಇನ್ನೊಂದಿದೆ. ಜಾಮೀನುದಾರ ಯಾವಾಗ ಬೇಕಾದರೂ ತನ್ನ ಹೊಣೆಯಿಂದ ಬಿಡಿಸಿಕೊಳ್ಳಲು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು. ಕಾರಣ ದೊಡ್ಡದೇ ಇರಬೇಕೆಂದಿಲ್ಲ. ಅರ್ಜಿ ಬಂದ ಮೇಲೆ ಮ್ಯಾಜಿಸ್ಟ್ರೇಟರು ಆರೋಪಿಯನ್ನು ಕರೆತರಲು ವಾರಂಟ್ ಹೊರಡಿಸುತ್ತಾರೆ. ಅವನು ಬಂದ ಮೇಲೆ, ಅಥವಾ ತಾನಾಗಿಯೇ ಶರಣಾದ ಮೇಲೆ, ಜಾಮೀನುದಾರನ ಮುಚ್ಚಳಿಕೆ ರದ್ದು. ಆರೋಪಿ ಬೇರೊಬ್ಬ ಜಾಮೀನುದಾರನನ್ನು ತರಬೇಕು, ತರದಿದ್ದರೆ ಜೈಲಿಗೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಅರ್ಜಿ ಹಾಕಿದ ಕೂಡಲೇ ಹೊಣೆ ಇಳಿಯುವುದಿಲ್ಲ. ಆರೋಪಿ ಕೋರ್ಟಿನ ಮುಂದೆ ಬಂದ ಮೇಲಷ್ಟೇ ಇಳಿಯುತ್ತದೆ. ಹುಡುಗ ಊರಲ್ಲಿರುವಾಗ, ಕೈಗೆ ಸಿಗುವಾಗ ಅರ್ಜಿ ಹಾಕಿದರೆ ಕೆಲಸ ಆಗುತ್ತದೆ. ಓಡಿಹೋದ ಮೇಲೆ ಅರ್ಜಿ ಹಾಕುವುದು ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ. ಹುಡುಗ ಮನೆ ಖಾಲಿ ಮಾಡುವ ಮಾತಾಡುತ್ತಿದ್ದಾನೆ, ನಂಬರು ಬದಲಾಯಿಸಿದ್ದಾನೆ, ಕುಡಿದು "ಕೋರ್ಟು ಗೀರ್ಟು ನೋಡ್ಕೊಂಡ್ರಾಯ್ತು" ಎನ್ನುತ್ತಿದ್ದಾನೆ ಎಂದು ಕಿವಿಗೆ ಬಿದ್ದ ದಿನವೇ ವಕೀಲರ ಆಫೀಸಿಗೆ ನಡೆಯುವುದು ಮೇಲು. ಮುಲಾಜು ನೋಡಿ ಕೂತರೆ ಮುಚ್ಚಳಿಕೆ ಮುಲಾಜು ನೋಡುವುದಿಲ್ಲ.

ಇನ್ನು ಹೊಣೆ ಮುಗಿಯುವುದು ಯಾವಾಗ? ಆರೋಪಿ ಹೊರಬಂದ ದಿನ ಅಲ್ಲ. ಚಾರ್ಜ್‌ಶೀಟ್ ಬಂದ ದಿನವೂ ಅಲ್ಲ. ಮುಚ್ಚಳಿಕೆಯಲ್ಲಿ ಬರೆದಂತೆ ಆ ಕೇಸು ಆ ಕೋರ್ಟಿನಲ್ಲಿ ತೀರ್ಮಾನವಾಗುವ ತನಕ. ಕೇಸು ಮುಗಿಯುವ ಹೊತ್ತಿಗೆ ಇನ್ನೊಂದು ಕಾಗದ ಬರುತ್ತದೆ. ಮೇಲಿನ ಕೋರ್ಟು ಕರೆದರೆ ಹಾಜರಾಗುತ್ತೇನೆ ಅಂತ ಆರೋಪಿಯಿಂದ ಮತ್ತೆ ಮುಚ್ಚಳಿಕೆ ಪಡೆಯುತ್ತಾರೆ. ಅದು 6 ತಿಂಗಳು ಜಾರಿಯಲ್ಲಿರುತ್ತದೆ. "ಕೇಸು ಗೆದ್ದೀವಿ ಸಾವ್ಕಾರ್ರೆ, ಇನ್ನೊಂದು ಸಹಿ ಬೇಕಂತೆ" ಎಂದು ಬಂದರೆ ಅದು ಹೊಸ ಹೊಣೆ, ಹಳೆಯದರ ಬಾಲ ಅಲ್ಲ. ಓದಿ ನೋಡಿ ಸಹಿ ಹಾಕುವುದು ಒಳ್ಳೆಯದು.

ಜಾಮೀನುದಾರ ತೀರಿಕೊಂಡರೆ ಹೆಂಡತಿ ಮಕ್ಕಳ ಗತಿ ಏನು ಅನ್ನುವುದು ಎಷ್ಟೋ ಮನೆಗಳ ದಿಗಿಲು. ಮುಚ್ಚಳಿಕೆ ಮುಟ್ಟುಗೋಲಾಗುವ ಮುಂಚೆಯೇ ಸತ್ತಿದ್ದರೆ ಅವನ ಆಸ್ತಿಯ ಮೇಲೆ ಯಾವ ಹೊಣೆಯೂ ಇಲ್ಲ. ಆರೋಪಿಯೇ ಹೊಸ ಜಾಮೀನುದಾರನನ್ನು ಹುಡುಕಿಕೊಳ್ಳಬೇಕು. ಮನೆಯವರು ಮರಣ ಪತ್ರದ ಒಂದು ಪ್ರತಿಯನ್ನು ಕೋರ್ಟಿಗೆ ಮುಟ್ಟಿಸಿದರೆ ಚೆನ್ನ.

ನಂಬರು ಬದಲಾಗಿದೆ, ಭಾರ ಬದಲಾಗಿಲ್ಲ

1974ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆ ಹೋಗಿ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಜಾಮೀನುದಾರರ ಘೋಷಣೆ ಈಗ 486ನೇ ಕಲಂ. ಹೊಣೆಯಿಂದ ಬಿಡುಗಡೆ 489. ಮುಟ್ಟುಗೋಲು, ವಸೂಲಿ, ಸಿವಿಲ್ ಜೈಲು 491. ಹಳೆಯದರಲ್ಲಿ ಇವು 441-ಎ, 444, 446. ಹೊಸ ಕಾನೂನು ಬರುವ ಮುಂಚೆಯೇ ನಡೆಯುತ್ತಿದ್ದ ವಿಚಾರಣೆಗಳು ಹಳೆಯದರಲ್ಲೇ ಮುಂದುವರಿಯುತ್ತವೆ. ಅದಕ್ಕೇ ಇವತ್ತಿಗೂ ನೋಟೀಸುಗಳಲ್ಲಿ ಎರಡೂ ಥರದ ನಂಬರು ಕಾಣಬಹುದು.

ಹೊಸ ಸಂಹಿತೆ ಒಂದು ವಿಷಯ ಸ್ಪಷ್ಟ ಮಾಡಿದೆ. ಜಾಮೀನುದಾರನ ಸಮೇತ ಬರೆಯುವ ಮುಚ್ಚಳಿಕೆ ಬೇರೆ, ಜಾಮೀನುದಾರ ಇಲ್ಲದೆ ಆರೋಪಿ ಒಬ್ಬನೇ ಬರೆಯುವ ಮುಚ್ಚಳಿಕೆ ಬೇರೆ ಎಂದು ವ್ಯಾಖ್ಯೆ ಕೊಟ್ಟಿದೆ. ಉಳಿದಂತೆ ಅಂಗಡಿಯವನ ಹೆಗಲಿನ ಭಾರ ಇದ್ದಲ್ಲೇ ಇದೆ.

ಬಾಡಿಗೆಗೆ ಸಿಗುವ ಜಾಮೀನುದಾರರು

ಇಷ್ಟೆಲ್ಲ ಭಾರ ಇದ್ದರೆ ಯಾರು ತಾನೇ ಮುಂದೆ ಬರುತ್ತಾರೆ? ಯಾರೂ ಬಾರದ ಜಾಗದಲ್ಲಿ ದಂಧೆ ಹುಟ್ಟುತ್ತದೆ. ದುಡ್ಡು ಕೊಟ್ಟರೆ ಯಾರದೋ ಹೆಸರಿನ ಆಧಾರ್, ಯಾರದೋ ಪಹಣಿ ಹಿಡಿದುಕೊಂಡು ಕೋರ್ಟಿನಲ್ಲಿ ನಿಂತು "ಹೌದು ಸ್ವಾಮಿ, ನನ್ನ ತಮ್ಮನ ಮಗ" ಎನ್ನುವವರು ಸಿಗುತ್ತಾರೆ. ಬೆಂಗಳೂರಿನಲ್ಲಿ ಇಂಥ ನಕಲಿ ಜಾಮೀನಿನ ಜಾಲಗಳು ಪೊಲೀಸರ ಕೈಗೆ ಸಿಕ್ಕಿಬಿದ್ದದ್ದು ಒಂದು ಸಲ ಅಲ್ಲ.

ಬೇರೆಯವನ ಹೆಸರು ಹೇಳಿಕೊಂಡು ಜಾಮೀನು ನಿಲ್ಲುವುದೇ ಒಂದು ಅಪರಾಧ. 3 ವರ್ಷದ ತನಕ ಶಿಕ್ಷೆ ಇದೆ. ಸುಳ್ಳು ಕಾಗದ ಹುಟ್ಟಿಸಿದ್ದಕ್ಕೆ ಬೇರೆ ಕೇಸು. ಆದರೆ ಇದರಲ್ಲಿ ಅಂಗಡಿಯವರಿಗೆ ಏನು ಸಂಬಂಧ? ಸಂಬಂಧ ಇದೆ. ಆ ನಕಲಿ ಕಾಗದಗಳು ನಿಜವಾದ ಯಾರದೋ ಹೊಲ ಮನೆಯ ಹೆಸರಿನಲ್ಲಿರಬಹುದು. ಗೊತ್ತೇ ಇಲ್ಲದ ಕೇಸಿನ ನೋಟೀಸು ಮನೆಗೆ ಬಂದಾಗಲೇ ಅಸಲಿ ಮಾಲೀಕನಿಗೆ ತಿಳಿಯುವುದು. ಆಧಾರ್, ಪಹಣಿಯ ಜೆರಾಕ್ಸನ್ನು ಕಂಡಕಂಡವರಿಗೆ ಕೊಡುವ ಚಾಳಿ ಬಿಡಬೇಕು. ಕೊಡಲೇಬೇಕಾದರೆ ಯಾವುದಕ್ಕೆ ಕೊಟ್ಟದ್ದು, ಯಾವ ತಾರೀಖು ಅಂತ ಅದರ ಮೇಲೆಯೇ ಪೆನ್ನಿನಲ್ಲಿ ಬರೆದು ಸಹಿ ಹಾಕಿ ಕೊಡಬಹುದು. ಗೊತ್ತಿಲ್ಲದ ಕೇಸಿನ ನೋಟೀಸು ಬಂದರೆ "ನಮ್ಮದಲ್ಲ ಬಿಡು" ಎಂದು ಹರಿದು ಹಾಕದೆ ಕೋರ್ಟಿಗೆ ಹೋಗಿ ಹೇಳಬೇಕು.

ಸಹಿ ಸಿಗದವರ ಗತಿ

ಇಲ್ಲಿಗೆ ನಿಲ್ಲಿಸಿದರೆ ಓದಿದವರೆಲ್ಲ "ಜಾಮೀನೇ ಬೇಡಪ್ಪ" ಎಂದು ಬಾಗಿಲು ಹಾಕಿಕೊಂಡಾರು. ಆದರೆ ಆ ಮುಚ್ಚಿದ ಬಾಗಿಲಿನ ಆಚೆ ಇನ್ನೊಬ್ಬ ಇದ್ದಾನೆ. ಜಡ್ಜರು ಬಿಡಿ ಎಂದು ಆದೇಶ ಬರೆದಿದ್ದಾರೆ. ಆದರೂ ಅವನು ಜೈಲಿನಲ್ಲೇ ಕೂತಿದ್ದಾನೆ, ಒಂದು ಸಹಿ ಇಲ್ಲದೆ. ಹಣವಂತನಿಗೆ ಸಹಿ ಮನೆ ಬಾಗಿಲಿಗೆ ಬರುತ್ತದೆ. ಹಮಾಲನ ಮಗನಿಗೆ?

1978ರಲ್ಲಿ ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನ ವಿಷಯ ಸುಪ್ರೀಂ ಕೋರ್ಟಿನ ಮುಂದೆ ಬಂತು. ಮೋತಿ ರಾಮ್ ಕೇಸು ಎಂದೇ ಅದು ವಕೀಲರ ಬಾಯಲ್ಲಿ ಇವತ್ತಿಗೂ ಇದೆ. ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿತ್ತು. ಕೆಳಗಿನ ಕೋರ್ಟು 10,000 ರೂಪಾಯಿಯ ಜಾಮೀನುದಾರ ಬೇಕೆಂದಿತು. ಅಣ್ಣತಮ್ಮನೇ ಮುಂದೆ ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಳ್ಳಿಹಾಕಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನು ಕಟುವಾಗಿ ಟೀಕಿಸಿ, 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಲು ಹೇಳಿದರು. ಕನ್ನಡಿಗನೋ ತಮಿಳನೋ ದಿಲ್ಲಿಯ ಚಾಂದನಿ ಚೌಕದಲ್ಲಿ ಯಾವುದೋ ಕೇಸಿನಲ್ಲಿ ಸಿಕ್ಕಿಬಿದ್ದರೆ ಅಲ್ಲಿಯ ಜಾಮೀನುದಾರನನ್ನು ಎಲ್ಲಿಂದ ತರಬೇಕು ಎಂಬ ಅರ್ಥದ ಪ್ರಶ್ನೆಯನ್ನೂ ಆ ತೀರ್ಪಿನಲ್ಲಿ ಎತ್ತಿದರು. ಬೆಂಗಳೂರಿನಲ್ಲಿ ಸಿಕ್ಕಿಬಿದ್ದ ಜಗಳೂರಿನ ಕೂಲಿಯವನ ಪ್ರಶ್ನೆಯೂ ಅದೇ. ದಾವಣಗೆರೆಯಲ್ಲಿ ಸಿಕ್ಕಿಬಿದ್ದ ಬಿಹಾರದ ಕೂಲಿಯವನದ್ದೂ ಅದೇ.

1979ರಲ್ಲಿ ಬಿಹಾರದ ಜೈಲುಗಳ ಹುಸೈನಾರಾ ಖಾತೂನ್ ಕೇಸು ಬಂತು. ಆಗಬಹುದಾಗಿದ್ದ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯೇ ಇಲ್ಲದೆ ಕೊಳೆಯುತ್ತಿದ್ದವರ ಕಥೆ ಹೊರಬಿತ್ತು. ಊರಿನಲ್ಲಿ ಬೇರು ಇರುವ, ಓಡಿಹೋಗದ ಮನುಷ್ಯನನ್ನು ಜಾಮೀನುದಾರ ಇಲ್ಲದೆ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬಹುದು ಎಂದು ಸುಪ್ರೀಂ ಕೋರ್ಟು ಹೇಳಿತು.

ಅದಾಗಿ 40 ವರ್ಷದ ಮೇಲಾಯಿತು. ರೋಗ ವಾಸಿಯಾಗಿಲ್ಲ ಅನ್ನುವುದಕ್ಕೆ ಸುಪ್ರೀಂ ಕೋರ್ಟಿನ 2023ರ ಜನವರಿ 31ರ ಆದೇಶವೇ ಸಾಕ್ಷಿ. ಜಾಮೀನು ಸಿಕ್ಕ 7 ದಿನದೊಳಗೆ ಕೈದಿ ಹೊರಗೆ ಹೋಗದಿದ್ದರೆ ಜೈಲಿನ ಸೂಪರಿಂಟೆಂಡೆಂಟು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಮುಚ್ಚಳಿಕೆ ಕೊಡಲಾಗದಿದ್ದರೆ ಷರತ್ತು ಸಡಿಲಿಸಬಹುದೇ ಎಂದು ಕೋರ್ಟು ತಾನಾಗಿಯೇ ನೋಡಬಹುದು. ಸ್ಥಳೀಯ ಜಾಮೀನುದಾರನೇ ಬೇಕೆಂಬ ಹಟವೇ ಬಿಡುಗಡೆ ತಡವಾಗಲು ಒಂದು ಕಾರಣ ಎಂದೂ ಆ ಆದೇಶದಲ್ಲಿದೆ. ಬಡ ಕೈದಿಗಳ ಜಾಮೀನಿನ ಹಣಕ್ಕೆ ನೆರವಾಗಲು ಕೇಂದ್ರ ಸರ್ಕಾರ 2023ರಲ್ಲಿ ಒಂದು ಯೋಜನೆಯನ್ನೂ ತಂದಿತು.

2024ರ ಆಗಸ್ಟ್ 22ರಂದು ಇನ್ನೊಂದು ತೀರ್ಪು. ಹಲವು ರಾಜ್ಯಗಳಲ್ಲಿ 13 ಕೇಸುಗಳಿದ್ದ ಒಬ್ಬನಿಗೆ ಎಲ್ಲದರಲ್ಲೂ ಜಾಮೀನು ಸಿಕ್ಕಿತ್ತು. ಆದರೆ ಒಂದೊಂದು ಕೇಸಿಗೂ ಬೇರೆ ಬೇರೆ ಜಾಮೀನುದಾರರನ್ನು ತರಲಾಗದೆ ಒಳಗೇ ಇದ್ದ. ಆಯಾ ರಾಜ್ಯದ ಎಲ್ಲ ಕೇಸಿಗೂ ಅದೇ ಜಾಮೀನುದಾರರು ಸಾಕು ಎಂದು ಸುಪ್ರೀಂ ಕೋರ್ಟು ದಾರಿ ಮಾಡಿಕೊಟ್ಟಿತು. ಹೊಣೆ ನಿಲ್ಲುವವರು ಹೆಚ್ಚೆಂದರೆ ಹತ್ತಿರದ ನೆಂಟರು, ಹಳೇ ಸ್ನೇಹಿತರು, ಅವರೂ ಬೆರಳೆಣಿಕೆಯಷ್ಟು ಅನ್ನುವುದು ದಿಲ್ಲಿಗೂ ಅರ್ಥವಾಗಿದೆ ಎಂದಾಯಿತು.

ಜಾಮೀನುದಾರ ಸಿಗದೇ ಹೋದರೆ ಬೇರೆ ದಾರಿಗಳೂ ಇವೆ. ಕೋರ್ಟು ಒಪ್ಪಿದರೆ ಮುಚ್ಚಳಿಕೆಯ ಬದಲು ನಗದು ಠೇವಣಿ ಇಡಬಹುದು. ಮೊತ್ತ ಹೆಚ್ಚಾಯಿತೆಂದರೆ ಇಳಿಸಲು ಕೇಳಬಹುದು. ಮೊತ್ತ ವಿಪರೀತ ಇರಬಾರದು ಎಂದು ಕಾನೂನೇ ಹೇಳುತ್ತದೆ. ಜಾಮೀನು ಹಕ್ಕಾಗಿರುವ ಸಣ್ಣ ಕೇಸುಗಳಲ್ಲಂತೂ, ಬಂಧನವಾಗಿ ಒಂದು ವಾರದೊಳಗೆ ಜಾಮೀನು ಕೊಡಲಾಗದವನನ್ನು ಬಡವ ಎಂದು ಭಾವಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು. ಇದನ್ನು ಕೇಳಲು ವಕೀಲರ ಫೀಸಿಗೆ ದುಡ್ಡಿಲ್ಲದಿದ್ದರೆ, ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರ ಇದೆ. ಅಂಗಡಿಗೆ ಅಳುತ್ತಾ ಬಂದ ತಾಯಿಗೆ ಆ ಬಾಗಿಲು ತೋರಿಸುವುದೂ ಒಂದು ಉಪಕಾರವೇ. ಅದಕ್ಕೆ ಪಹಣಿ ಬೇಕಿಲ್ಲ.

ಹಾಕಬೇಕೋ, ಬೇಡವೋ?

ಮತ್ತೆ ಮಂಡಿಪೇಟೆಯ ಅಂಗಡಿಗೆ ಬರಬಹುದು. ತಾಯಿ ಇನ್ನೂ ನಿಂತೇ ಇದ್ದಾಳೆ. ಸಾವ್ಕಾರರು ಏನು ಮಾಡಬೇಕು?

ಮೊದಲು ನಾಲ್ಕು ಪ್ರಶ್ನೆ ಕೇಳಬೇಕು. ಹುಡುಗನ ಮೇಲಿರುವ ಕೇಸು ಯಾವುದು, ಇದೊಂದೇನಾ ಇನ್ನೂ ಇವೆಯಾ? ಹೊರಗೆ ಬಂದ ಮೇಲೆ ಎಲ್ಲಿ ಇರುತ್ತಾನೆ, ಏನು ಕೆಲಸ ಮಾಡುತ್ತಾನೆ? ವಾಯಿದೆಗಳನ್ನು ನೋಡಿಕೊಳ್ಳುವ ವಕೀಲರು ಯಾರು, ಅವರ ನಂಬರು ಏನು? ಮನೆಯಲ್ಲಿ ಅವನು ಯಾರ ಮಾತು ಕೇಳುತ್ತಾನೆ? ಈ ನಾಲ್ಕಕ್ಕೂ ನೇರ ಉತ್ತರ ಬಂದರೆ ಅರ್ಧ ಭಯ ಹೋಯಿತು. ಉತ್ತರ ತಡವರಿಸಿದರೆ ಅಲ್ಲೇ ಕೈಮುಗಿಯುವುದು ಮೇಲು. ಕೇಳಲು ನಾಚಿಕೆ ಬೇಡ. ಹತ್ತು ಸಾವಿರದ ಉದ್ರಿ ಕೊಡುವಾಗ ಕೇಳುವ ವ್ಯಾಪಾರಿ, ಐವತ್ತು ಸಾವಿರದ ಸಹಿ ಹಾಕುವಾಗ ಕೇಳಬಾರದೇ?

ಎರಡನೆಯದು, ಆ ಮೊತ್ತ ಹೋದರೂ ಅಂಗಡಿ ಮುಳುಗುವುದಿಲ್ಲ ಎಂಬಷ್ಟಕ್ಕೆ ಮಾತ್ರ ನಿಲ್ಲಬೇಕು. ಮಗಳ ಮದುವೆಗೆ ಇಟ್ಟ ಹಣಕ್ಕೆ, ಇರುವ ಒಂದೇ ಮನೆಗೆ ಕುತ್ತು ಬರುವಷ್ಟು ಮೊತ್ತವಾದರೆ ಬೇಡ. ಮನೆಯವರನ್ನು ಕೇಳಿ ಹಾಕಬೇಕು. ಕದ್ದು ಹಾಕಿದ ಸಹಿಯ ನೋಟೀಸು ಮನೆಗೇ ಬರುವುದು.

ಮೂರನೆಯದು, ಸಹಿ ಹಾಕಿದ ಮೇಲೆ ಮರೆಯಬಾರದು. ಮುಚ್ಚಳಿಕೆಯ ಒಂದು ಪ್ರತಿ ಇಟ್ಟುಕೊಳ್ಳಬೇಕು. ಪ್ರತಿ ವಾಯಿದೆಯ ಹಿಂದಿನ ದಿನ ಹುಡುಗನಿಗೆ ಒಂದು ಫೋನು ಹಾಕಬೇಕು. "ನಾಳೆ ತಾರೀಖು ಐತಿ, ಬರ್ತೀಯಲ್ಲಪ್ಪ?" ಅನ್ನುವ ಆ ಒಂದು ಮಾತಿನಿಂದ 50,000 ಉಳಿಯಬಹುದು. ತಾರೀಖು ಮರೆತರೆ ಈಗ ಮೊಬೈಲಿನ ಇ-ಕೋರ್ಟ್ಸ್ ಆ್ಯಪಿನಲ್ಲಿ ಕೇಸ್ ನಂಬರು ಹಾಕಿ ನೋಡಬಹುದು. ಅಂಗಡಿ ಅಥವಾ ಮನೆ ಬದಲಾಯಿಸಿದರೆ ಹೊಸ ವಿಳಾಸ ಕೋರ್ಟಿಗೆ ತಿಳಿಸಬೇಕು. ಹಳೇ ವಿಳಾಸಕ್ಕೆ ಹೋದ ನೋಟೀಸು ಯಾರಿಗೂ ಕಾಯುವುದಿಲ್ಲ.

ಇಷ್ಟು ಮಾಡುವ ಮನಸ್ಸಿದ್ದರೆ ಸಾವ್ಕಾರರು ಧೈರ್ಯವಾಗಿ ಸಹಿ ಹಾಕಬಹುದು. ಹುಡುಗ ಹೊರಗೆ ಬರುತ್ತಾನೆ, ಮೆಕ್ಕೆಜೋಳದ ಸುಗ್ಗಿಯಲ್ಲಿ ಮತ್ತೆ ಮೂಟೆ ಹೊರುತ್ತಾನೆ, ವಕೀಲರ ಫೀಸು ದುಡಿದು ಕಟ್ಟುತ್ತಾನೆ, ತನ್ನ ಕೇಸು ತಾನು ನಡೆಸುತ್ತಾನೆ. ತೀರ್ಪು ಬರುವ ತನಕ ಅವನು ತಪ್ಪಿತಸ್ಥ ಅಲ್ಲ. ಅಲ್ಲಿಯ ತನಕ ಮನೆಯವರ ಜೊತೆ ಇರಲಿ ಎಂದು ಕೋರ್ಟು ಬಿಟ್ಟದ್ದು.

ಇಷ್ಟು ಮಾಡಲಾಗದು, ಬರೀ ಮುಲಾಜಿಗೆ ಹಾಕುತ್ತೇನೆ ಎನ್ನುವವರು ತಾಯಿಯ ಕೈಗೆ ಬಸ್ ಚಾರ್ಜು ಕೊಟ್ಟು, ಕಾನೂನು ಸೇವಾ ಪ್ರಾಧಿಕಾರದ ದಾರಿ ಹೇಳಿ ಕಳಿಸುವುದು ಲೇಸು. ಅದರಲ್ಲಿ ಅವಮಾನ ಏನೂ ಇಲ್ಲ.

ಅಂದಹಾಗೆ, ಕೋರ್ಟಿನಲ್ಲಿ ಕೂಗುವ ಜವಾನ ಮೂರೇ ಸಲ ಕೂಗುತ್ತಾನೆ. ನಾಲ್ಕನೇ ಸಲ ಕೂಗುವುದು ಜಾಮೀನುದಾರನ ಹೆಸರನ್ನು.